ಸಂಕ್ರಾಂತಿ: ಸುಗ್ಗಿಯ ಹಬ್ಬ, ದುಡಿದವರ ಹಬ್ಬ



"ಮನ್ಯಾಗ ಯಾರೂ ಇಲ್ಲೇನವ್ವಾ?"

"ಇಲ್ಲಪ್ಪಾ, ಎಲ್ಲಾರೂ ಸುಗ್ಗಿಗೆ ಹೋಗ್ಯಾರ."

ಚಳಿಗಾಲ ಬಂತೆಂದರೆ ಈ ಮಾತು ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ಕೇಳುತ್ತದೆ. ಆದೋನಿ, ಕೋಸಿಗಿ, ಕೌತಾಳಂ, ಪೆದ್ದಕಡುಬೂರು, ಆಲೂರು, ಎಲ್ಲಿ ಹೋದರೂ ಇದೇ ಮಾತು. ಕೇಳಿದವರಿಗೆ ಅರ್ಥ ಆಗುತ್ತದೆ. ಮನೆಯವರು ಗುಂಟೂರು ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೋಗಿದ್ದಾರೆ ಎಂದು.

ಈಗ ಸ್ವಲ್ಪ ಯೋಚನೆ ಮಾಡಿ. ಕನ್ನಡದಲ್ಲಿ 'ಸುಗ್ಗಿ' ಎಂದರೇನು? ಪೈರು ಕೊಯ್ಯುವ ಕಾಲ. ಕಾಳು ಮನೆಗೆ ಬರುವ ಕಾಲ. ಹೊಟ್ಟೆ ತುಂಬುವ ಕಾಲ. ಬೇರೆ ಕಡೆ ಸುಗ್ಗಿ ಎಂದರೆ ದವಸ ಮನೆಗೆ ಬರುವುದು. ನಮ್ಮ ಕಡೆ ಸುಗ್ಗಿ ಎಂದರೆ ಮನುಷ್ಯರು ಮನೆ ಬಿಟ್ಟು ಹೋಗುವುದು! ಮಾತು ಒಂದೇ, ಅರ್ಥ ಎರಡು.

ಈ ಸುಗ್ಗಿಯ ಹಬ್ಬವೇ ಸಂಕ್ರಾಂತಿ. ಈ ಹಬ್ಬ ಹೇಗೆ ಹುಟ್ಟಿತು? ಇದರ ಆಚಾರಗಳೇನು? ಊರು ಬಿಟ್ಟು ದುಡಿಯುವವರಿಗೆ ಇದರಲ್ಲಿ ಏನಿದೆ? ಬನ್ನಿ, ತಿಳಿದುಕೊಳ್ಳೋಣ.

ಸಂಕ್ರಾಂತಿ ಎಂದರೇನು?

ಸಂಕ್ರಾಂತಿ ಎಂದರೆ ದಾಟುವುದು. ಸೂರ್ಯ ಒಂದು ರಾಶಿಯಿಂದ ಇನ್ನೊಂದು ರಾಶಿಗೆ ದಾಟುವ ದಿನವೇ ಸಂಕ್ರಾಂತಿ. ರಾಶಿಗಳು 12. ಹಾಗಾಗಿ ವರ್ಷಕ್ಕೆ 12 ಸಂಕ್ರಾಂತಿ ಬರುತ್ತವೆ. ಅದರಲ್ಲಿ ಸೂರ್ಯ ಮಕರ ರಾಶಿಗೆ ಬರುವ ದಿನವನ್ನು ನಾವು ದೊಡ್ಡದಾಗಿ ಮಾಡುತ್ತೇವೆ. ಅದು ಮಕರ ಸಂಕ್ರಾಂತಿ.

ನೀವು ಒಂದು ವಿಷಯ ಗಮನಿಸಿದ್ದೀರಾ? ಯುಗಾದಿ ಒಂದು ವರ್ಷ ಮಾರ್ಚ್‌ನಲ್ಲಿ ಬಂದರೆ ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ ಬರುತ್ತದೆ. ದೀಪಾವಳಿಯೂ ಹಾಗೆಯೇ ಹಿಂದೆ ಮುಂದೆ ಆಗುತ್ತದೆ. ಆದರೆ ಸಂಕ್ರಾಂತಿ ಮಾತ್ರ ಜನವರಿ 14 ಅಥವಾ 15ಕ್ಕೇ ಬರುತ್ತದೆ. 2024ರಲ್ಲಿ ಜನವರಿ 15ಕ್ಕೆ ಬಂತು. 2025ರಲ್ಲಿ ಜನವರಿ 14ಕ್ಕೆ ಬಂತು.

ಯಾಕೆ ಹೀಗೆ? ಯುಗಾದಿ, ದೀಪಾವಳಿಗಳನ್ನು ಚಂದ್ರನನ್ನು ನೋಡಿ ಲೆಕ್ಕ ಹಾಕುತ್ತಾರೆ. ಅಮಾವಾಸ್ಯೆ, ಹುಣ್ಣಿಮೆ ಎಣಿಸುತ್ತಾರೆ. ಸಂಕ್ರಾಂತಿಗೆ ಸೂರ್ಯನ ಲೆಕ್ಕ. ನಾವು ಗೋಡೆಗೆ ತೂಗುಹಾಕುವ ಇಂಗ್ಲಿಷ್ ಕ್ಯಾಲೆಂಡರೂ ಸೂರ್ಯನ ಲೆಕ್ಕದ್ದೇ. ಅದಕ್ಕೇ ಎರಡೂ ಹೆಚ್ಚು ಕಡಿಮೆ ಜೊತೆಯಾಗಿ ನಡೆಯುತ್ತವೆ.

ಆದರೂ ಎರಡರ ನಡುವೆ ಚಿಕ್ಕ ವ್ಯತ್ಯಾಸ ಇದೆ. ಅದು ವರ್ಷಕ್ಕೆ ಸುಮಾರು 20 ನಿಮಿಷ. ಇಷ್ಟೇ ತಾನೇ ಎನ್ನಬೇಡಿ. 72 ವರ್ಷ ಕಳೆದರೆ 1440 ನಿಮಿಷ ಆಗುತ್ತದೆ. ಅಂದರೆ 24 ಗಂಟೆ, ಒಂದು ಪೂರ್ತಿ ದಿನ! ಹೀಗೆ ಸಂಕ್ರಾಂತಿ ನಿಧಾನವಾಗಿ ಮುಂದಕ್ಕೆ ಸರಿಯುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ಆ ದಿನ ಯಾವ ತಾರೀಖು ಗೊತ್ತೇ? 1863ರ ಜನವರಿ 12.

ಉತ್ತರಾಯಣ ಎಂಬ ಮಾತು

ಸಂಕ್ರಾಂತಿಯಿಂದ ಉತ್ತರಾಯಣ ಶುರು ಎಂದು ಹಿರಿಯರು ಹೇಳುತ್ತಾರೆ. ಉತ್ತರಾಯಣ ಎಂದರೆ ಸೂರ್ಯ ಉತ್ತರದ ಕಡೆಗೆ ಸರಿಯುವುದು. ಮಹಾಭಾರತದಲ್ಲಿ ಭೀಷ್ಮ ಬಾಣಗಳ ಮೇಲೆ ಮಲಗಿ ಉತ್ತರಾಯಣಕ್ಕೆ ಕಾದನು ಎಂಬ ಕಥೆಯನ್ನು ನೀವು ಕೇಳಿರಬಹುದು.

ಇದನ್ನು ನೀವೇ ಕಣ್ಣಾರೆ ನೋಡಬಹುದು. ದಿನಾ ಒಂದೇ ಜಾಗದಲ್ಲಿ ನಿಂತು ಸೂರ್ಯ ಹುಟ್ಟುವುದನ್ನು ನೋಡಿ. ಯಾವ ಗುಡ್ಡದ ಪಕ್ಕ, ಯಾವ ಮರದ ಪಕ್ಕ ಹುಟ್ಟುತ್ತಾನೆ ಎಂದು ಗುರುತು ಇಟ್ಟುಕೊಳ್ಳಿ. ಡಿಸೆಂಬರ್ ಮೂರನೇ ವಾರದವರೆಗೆ ಆ ಜಾಗ ಬಲಕ್ಕೆ, ಅಂದರೆ ದಕ್ಷಿಣಕ್ಕೆ ಸರಿಯುತ್ತದೆ. ಆಮೇಲೆ ಎಡಕ್ಕೆ, ಅಂದರೆ ಉತ್ತರಕ್ಕೆ ತಿರುಗುತ್ತದೆ.

ನಿಜವಾಗಿ ಸೂರ್ಯ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ವರ್ಷದಲ್ಲಿ ಎಲ್ಲಕ್ಕಿಂತ ಚಿಕ್ಕ ಹಗಲು ಅದೇ. ಸುಮಾರು 1700 ವರ್ಷಗಳ ಹಿಂದೆ ಈ ದಿನವೂ ಮಕರ ಸಂಕ್ರಾಂತಿಯೂ ಒಂದೇ ಆಗಿದ್ದವು. ಆಗಲೇ ಹೇಳಿದ ಆ 20 ನಿಮಿಷ ಸೇರಿ ಸೇರಿ, ಈಗ ಎರಡರ ನಡುವೆ ಮೂರು ವಾರಕ್ಕಿಂತ ಹೆಚ್ಚು ಅಂತರ ಬಿದ್ದಿದೆ. ಹಬ್ಬ ಸರಿದಿದೆ. ಆದರೂ ಹಳೆಯ ಮಾತು ಉಳಿದಿದೆ.

ಪೈರಿನ ಜೊತೆ ನಡೆಯುವ ಹಬ್ಬಗಳು

ಸೂರ್ಯನ ಲೆಕ್ಕ ಪಂಚಾಂಗದವರಿಗೆ. ರೈತರಿಗೆ ಹೊಲವೇ ಪಂಚಾಂಗ. ನಮ್ಮ ಹಿರಿಯರು ಪೈರಿನ ಒಂದೊಂದು ಹಂತಕ್ಕೂ ಒಂದೊಂದು ಹಬ್ಬ ಮಾಡಿದರು.

ಮುಂಗಾರು ಬರುವ ಹೊತ್ತಿಗೆ ಕಾರಹುಣ್ಣಿಮೆ. ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಮೆರೆಸುತ್ತೇವೆ. ಅದೇ ದಿನವನ್ನು ತೆಲುಗಿನವರು ಏರುವಾಕ ಹುಣ್ಣಿಮೆ ಎನ್ನುತ್ತಾರೆ. ಏರು ಎಂದರೆ ನೇಗಿಲು.

ಪೈರು ಬೆಳೆದು ನಿಂತಾಗ ಶೀಗಿ ಹುಣ್ಣಿಮೆ. ಆಗ ಭೂಮಿತಾಯಿ ಬಸುರಿ ಎಂದು ಭಾವಿಸುತ್ತಾರೆ. ಬಸುರಿಗೆ ಬಯಕೆಯ ಊಟ ಕೊಡುವ ಹಾಗೆ ಹೊಲಕ್ಕೆ ಎಡೆ ಒಯ್ಯುತ್ತಾರೆ.

ಹಿಂಗಾರಿ ಜೋಳ, ಕಡಲೆ ಬೆಳೆಯುವಾಗ ಎಳ್ಳಮಾವಾಸ್ಯೆ. ರಾಯಚೂರು, ಕಲಬುರಗಿ, ಬೀದರ ಕಡೆ ಇದು ದೊಡ್ಡ ಹಬ್ಬ. ಬಂಧು ಬಳಗವನ್ನು ಕರೆದುಕೊಂಡು ಹೊಲಕ್ಕೆ ಹೋಗುತ್ತಾರೆ. ಮಾಡಿದ ಅಡುಗೆಯನ್ನು ಮೊದಲು ಹೊಲದ ತುಂಬ ಚೆಲ್ಲುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆಮೇಲೆ ಎಲ್ಲರೂ ಅಲ್ಲೇ ಕುಳಿತು ಉಣ್ಣುತ್ತಾರೆ.

ಕಡೆಗೆ ಬರುವುದು ಸಂಕ್ರಾಂತಿ. ಆ ಹೊತ್ತಿಗೆ ಮುಂಗಾರಿನ ಶೇಂಗಾ, ಸಜ್ಜೆ ಮನೆಗೆ ಬಂದಿರುತ್ತವೆ. ತೊಗರಿ ಕೊಯ್ಲು ನಡೆದಿರುತ್ತದೆ. ಹತ್ತಿ ಬಿಡಿಸುತ್ತಿರುತ್ತಾರೆ. ತುಂಗಭದ್ರಾ ಕಾಲುವೆ ನೀರು ಸಿಕ್ಕವರ ಮನೆಗೆ ಭತ್ತ ಬಂದಿರುತ್ತದೆ. ಕೈಯಲ್ಲಿ ನಾಲ್ಕು ಕಾಸು, ಮನೆಯಲ್ಲಿ ನಾಲ್ಕು ಕಾಳು ಇದ್ದಾಗಲೇ ಅಲ್ಲವೇ ಹಬ್ಬ?

ಎರಡು ಭಾಷೆ, ಒಂದೇ ಹಬ್ಬ

ನಮ್ಮ ಆದೋನಿ, ಆಲೂರು ತಾಲೂಕುಗಳು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಆಗ ಇವು ಕರ್ನೂಲು ಜಿಲ್ಲೆಗೆ ಸೇರಿದವು. ಗಡಿ ಬದಲಾಯಿತು. ಬೀಗತನ, ಊಟ, ಹಬ್ಬ ಬದಲಾಗಲಿಲ್ಲ. ಅದಕ್ಕೇ ನಮ್ಮ ಸಂಕ್ರಾಂತಿಯಲ್ಲಿ ಕನ್ನಡದ ರುಚಿಯೂ ಇದೆ, ತೆಲುಗಿನ ರುಚಿಯೂ ಇದೆ.

ಮೊದಲ ದಿನ ಭೋಗಿ. ತೆಲುಗಿನವರು ನಸುಕಿನಲ್ಲಿ ಹಳೆಯ ಕಟ್ಟಿಗೆ ಕೂಡಿಸಿ ಬೆಂಕಿ ಹಾಕುತ್ತಾರೆ. ಚಿಕ್ಕ ಮಕ್ಕಳ ತಲೆಯ ಮೇಲೆ ಬಾರಿಹಣ್ಣು ಸುರಿದು ಹರಸುತ್ತಾರೆ. ಕನ್ನಡದ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುತ್ತಾರೆ. ಬದನೆಕಾಯಿ, ಅವರೆಕಾಯಿ, ಗಜ್ಜರಿ, ಹಸಿ ಕಡಲೆ ಎಲ್ಲ ಸೇರಿಸಿ ಪಲ್ಯ ಮಾಡುತ್ತಾರೆ. ಆ ಕಾಲಕ್ಕೆ ಹೊಲದಲ್ಲಿ ಏನೇನು ಸಿಗುತ್ತದೋ ಅದೆಲ್ಲ ಆ ಪಲ್ಯದಲ್ಲಿ ಇರುತ್ತದೆ.

ಎರಡನೆಯ ದಿನ ಸಂಕ್ರಾಂತಿ. ಹೊಳೆಯ ಸ್ನಾನ, ಸಿಹಿ ಊಟ. ಮಂತ್ರಾಲಯದಂಥ ಹೊಳೆದಂಡೆಯ ಊರುಗಳಲ್ಲಿ ಜನ ತುಂಗಭದ್ರೆಯಲ್ಲಿ ಮುಳುಗಿ ಏಳುತ್ತಾರೆ. ಮನೆಯಲ್ಲಿ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ ಮಾಡುತ್ತಾರೆ. ಅಂಗಳದಲ್ಲಿ ರಂಗೋಲಿ. ತೆಲುಗಿನ ಹೆಣ್ಣುಮಕ್ಕಳು ಅದರ ನಡುವೆ ಸಗಣಿಯ ಉಂಡೆ ಇಟ್ಟು ಹೂ ಸಿಕ್ಕಿಸುತ್ತಾರೆ. ಅದಕ್ಕೆ ಗೊಬ್ಬೆಮ್ಮ ಎನ್ನುತ್ತಾರೆ. ಕರ್ನಾಟಕದಲ್ಲಿ ಎಳ್ಳು ಬೆಲ್ಲ ಹಂಚುತ್ತಾರೆ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಎಂಬುದು ಗಾದೆಯೇ ಆಗಿದೆ. ಜಗಳ ಆಡಿದವರೂ ಆ ದಿನ ಎಳ್ಳು ಕೊಟ್ಟು ಮಾತಾಡಿಸುತ್ತಾರೆ.

ಮೂರನೆಯ ದಿನ ಕನುಮ. ಅದು ದನಕರುಗಳ ಹಬ್ಬ. ನೇಗಿಲು ಎಳೆದವು, ಬಂಡಿ ಎಳೆದವು, ಕಣ ತುಳಿದವು ಅವೇ ಅಲ್ಲವೇ? ಮಂಡ್ಯ, ಮೈಸೂರು ಕಡೆ ಸಂಕ್ರಾಂತಿಯ ಸಂಜೆ ದನಗಳನ್ನು ಬೆಂಕಿ ದಾಟಿಸುತ್ತಾರೆ. ಇದಕ್ಕೆ ಕಿಚ್ಚು ಹಾಯಿಸುವುದು ಎನ್ನುತ್ತಾರೆ.

ದೇಶದ ತುಂಬ ಈ ಹಬ್ಬ ಇದೆ. ಹೆಸರು ಮಾತ್ರ ಬೇರೆ ಬೇರೆ. ತಮಿಳುನಾಡಿನಲ್ಲಿ ಪೊಂಗಲ್, ಅಸ್ಸಾಮಿನಲ್ಲಿ ಮಾಘ ಬಿಹು. ಪಂಜಾಬಿನಲ್ಲಿ ಹಿಂದಿನ ರಾತ್ರಿ ಬೆಂಕಿ ಹಾಕಿ ಲೋಹ್ರಿ ಮಾಡುತ್ತಾರೆ. ಗುಜರಾತಿನಲ್ಲಿ ಗಾಳಿಪಟ ಹಾರಿಸುತ್ತಾರೆ. ಉತ್ತರ ಪ್ರದೇಶ, ಬಿಹಾರದಲ್ಲಿ ಅಕ್ಕಿ ಬೇಳೆಯ ಖಿಚಡಿ ಮಾಡುತ್ತಾರೆ. ಎಲ್ಲ ಕಡೆಯೂ ಹೊಸ ಕಾಳು, ಎಳ್ಳು, ಬೆಲ್ಲ, ಹಂಚಿ ತಿನ್ನುವುದು ಇದ್ದೇ ಇದೆ.

ಹಬ್ಬದ ಬೇರು ಕಣದಲ್ಲಿದೆ

ಈ ಹಂಚಿ ತಿನ್ನುವ ಪದ್ಧತಿ ಎಲ್ಲಿಂದ ಬಂತು? ಕಣಕ್ಕೆ ಹೋಗಿ ನೋಡೋಣ.

ಈಗ ಯಂತ್ರ ಬಂದಿದೆ. ಒಂದೇ ಗಳಿಗೆಯಲ್ಲಿ ಕಾಳು ಬೇರೆ, ಹೊಟ್ಟು ಬೇರೆ ಆಗುತ್ತದೆ. ಮೊದಲು ಹೀಗಿರಲಿಲ್ಲ. ನೆಲ ಕೆತ್ತಿ, ನೀರು ಚಿಮುಕಿಸಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಒಂದು ಕಂಬ ನೆಡುತ್ತಿದ್ದರು. ಅದೇ ಮೇಟಿ. ಮೇಟಿಯ ಸುತ್ತ ತೆನೆ ಹರಡಿ ಎತ್ತುಗಳಿಂದ ತುಳಿಸುತ್ತಿದ್ದರು. ಗಾಳಿ ಬಂದಾಗ ತೂರುತ್ತಿದ್ದರು. ಕಾಳನ್ನು ಗುಡ್ಡೆ ಮಾಡಿ ರಾಶಿ ಪೂಜೆ ಮಾಡುತ್ತಿದ್ದರು. ಕಣಕ್ಕೆ ಚಪ್ಪಲಿ ಹಾಕಿಕೊಂಡು ಯಾರೂ ಬರುತ್ತಿರಲಿಲ್ಲ.

ಆಮೇಲೆ ಅಳೆಯುವುದು. ಮೊದಲ ಅಳತೆಗೆ 'ಒಂದು' ಎನ್ನುತ್ತಿರಲಿಲ್ಲ. 'ಲಾಭ' ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಎಣಿಸುತ್ತಿದ್ದರು. ಈಗಲೂ ಹಾಗೆ ಎಣಿಸುವ ಹಿರಿಯರು ಇದ್ದಾರೆ.

ರಾಶಿಯೆಲ್ಲ ಹೊಲದ ಒಡೆಯನ ಮನೆಗೇ ಹೋಗುತ್ತಿರಲಿಲ್ಲ. ನೇಗಿಲು ಮಾಡಿದ ಬಡಿಗ, ಕುಡ ಹಣಿದ ಕಮ್ಮಾರ, ಗಡಿಗೆ ಕೊಟ್ಟ ಕುಂಬಾರ, ಮಿಣಿ ಮಾಡಿಕೊಟ್ಟ ಮಾದಿಗ, ಬಟ್ಟೆ ಒಗೆದ ಅಗಸ, ಕ್ಷೌರ ಮಾಡಿದ ನಾವಿದ, ಊರು ಕಾಯ್ದ ತಳವಾರ, ಎಲ್ಲರೂ ಕಣಕ್ಕೆ ಬರುತ್ತಿದ್ದರು. ಅವರವರ ಪಾಲಿನ ಕಾಳು ಪಡೆಯುತ್ತಿದ್ದರು. ಈ ಪಾಲಿಗೆ 'ಆಯ' ಎಂದು ಹೆಸರು. ಪಡೆಯುವವರು ಆಯಗಾರರು. ವಿಜಯನಗರದ ಅರಸರ ಕಾಲದಲ್ಲೂ ನಮ್ಮ ಸೀಮೆಯಲ್ಲಿ ಆಯಗಾರರು ಇದ್ದರು. ಕೊಯ್ಲು ಮಾಡಿದ ಆಳುಗಳಿಗೂ ಕೂಲಿ ಎಂದು ಕಾಳನ್ನೇ ಕೊಡುತ್ತಿದ್ದರು.

ಹಳೆಯ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಎಂದು ತಿಳಿಯಬೇಡಿ. ಜಾತಿ ನೋಡಿ ಪಾಲು ಹಾಕುತ್ತಿದ್ದರು. ಎಲ್ಲರಿಗಿಂತ ಹೆಚ್ಚು ದುಡಿದವರು ಕಣದ ಅಂಚಿನಲ್ಲಿ ನಿಂತು ಸೆರಗು ಒಡ್ಡಬೇಕಾಗಿತ್ತು. ಕೊಟ್ಟಷ್ಟು ತಗೋ ಎನ್ನುತ್ತಿದ್ದರು. ಅಳತೆ ಸರಿ ಇದೆಯೇ ಎಂದು ಕೇಳುವ ಹಾಗಿರಲಿಲ್ಲ. ಇದು ತಪ್ಪು. ಇದನ್ನು ನಾವು ಮತ್ತೆ ತರುವುದು ಬೇಡ.

ಆದರೆ ಆ ಪದ್ಧತಿಯಲ್ಲಿ ಒಂದು ಒಳ್ಳೆಯ ಮಾತಿತ್ತು. ಅದು ಇಷ್ಟೇ: ಬೆಳೆ ಒಬ್ಬನದಲ್ಲ. ಅದರ ಹಿಂದೆ ದುಡಿದ ಎಲ್ಲರಿಗೂ ಅದರಲ್ಲಿ ಪಾಲಿದೆ. ಆ ಪಾಲು ದಾನ ಅಲ್ಲ, ಹಕ್ಕು. ಸುಗ್ಗಿಯ ಹಬ್ಬದ ಬೇರು ಇದೇ. ಎಳ್ಳು ಬೆಲ್ಲ ಹಂಚುವುದು ಅದರ ಒಂದು ಎಲೆ ಮಾತ್ರ.

ಇಂದಿನ ಕಣ, ಇಂದಿನ ಪಾಲು

ಈಗ ನಮ್ಮ ಕಡೆಯ ಬಹಳ ಮಂದಿಗೆ ಸ್ವಂತ ಕಣವಿಲ್ಲ. ಇದ್ದವರದೂ ಮಳೆ ನಂಬಿದ ಹೊಲ. ಮಳೆ ಕೈಕೊಟ್ಟರೆ ಹೊಲದಲ್ಲಿ ಕೆಲಸವಿಲ್ಲ. ಅದಕ್ಕೇ ಮೂಟೆ ಕಟ್ಟಿಕೊಂಡು ಸುಗ್ಗಿಗೆ ಹೋಗುತ್ತಾರೆ. ಕೆಲವರು ಸಂಕ್ರಾಂತಿಗೆ ಊರಿಗೆ ಬಂದು ಹೋಗುತ್ತಾರೆ. ಕೆಲವರಿಗೆ ಅಲ್ಲೇ, ಬೇರೆಯವರ ಹೊಲದ ಬದುವಿನಲ್ಲೇ ಹಬ್ಬ. ಅವರು ಊರು ನೋಡುವುದು ಯುಗಾದಿಗೆ.

ಅಲ್ಲಿ ಪಾಲು ಎಂದರೆ ಕಾಳಲ್ಲ, ಕಿಲೋ ಲೆಕ್ಕದ ಕೂಲಿ. ಎಷ್ಟು ಕಿಲೋ ಹತ್ತಿ ಬಿಡಿಸಿದಿರಿ, ಕಿಲೋಗೆ ಎಷ್ಟು ರೂಪಾಯಿ ಎಂಬುದೇ ಲೆಕ್ಕ. ಹಿಂದೆ ಅಳತೆಯ ಸೇರು ಒಡೆಯನ ಕೈಯಲ್ಲಿತ್ತು. ಇಂದು ತಕ್ಕಡಿ, ಪುಸ್ತಕ ಎರಡೂ ಮೇಸ್ತ್ರಿಯ ಕೈಯಲ್ಲಿವೆ. ಹಾಗಾದರೆ ನಿಮ್ಮ ಕೈಯಲ್ಲಿ ಏನಿದೆ?

ನಿಮ್ಮ ಕೈಯಲ್ಲಿ ಈಗ ಅಕ್ಷರ ಇದೆ. ಅಂಕಿ ಇದೆ.

ಬನ್ನಿ, ಒಂದು ಲೆಕ್ಕ ಮಾಡೋಣ. ಇದು ಕಲಿಯಲು ಹಾಕಿದ ಲೆಕ್ಕ. ಒಬ್ಬ ಅಕ್ಕ ಐದು ದಿನ ಹತ್ತಿ ಬಿಡಿಸಿದಳು ಎಂದುಕೊಳ್ಳಿ.

ಸೋಮವಾರ 52 ಕಿಲೋ
ಮಂಗಳವಾರ 60 ಕಿಲೋ
ಬುಧವಾರ 48 ಕಿಲೋ
ಗುರುವಾರ 55 ಕಿಲೋ
ಶುಕ್ರವಾರ 45 ಕಿಲೋ

ಒಟ್ಟು 260 ಕಿಲೋ. ಕಿಲೋಗೆ 10 ರೂಪಾಯಿ ಎಂದರೆ 2600 ರೂಪಾಯಿ ಬರಬೇಕು.

ದಿನಕ್ಕೆ 2 ಕಿಲೋ ಕಡಿಮೆ ಬರೆದುಕೊಂಡರೆ ಏನಾಗುತ್ತದೆ? ಐದು ದಿನಕ್ಕೆ 10 ಕಿಲೋ ಹೋಯಿತು. ಅಂದರೆ 100 ರೂಪಾಯಿ. 60 ದಿನ ಹೀಗೇ ಆದರೆ 120 ಕಿಲೋ. ಅಂದರೆ 1200 ರೂಪಾಯಿ ಹೋಯಿತು! ಇದು ಒಬ್ಬರ ಲೆಕ್ಕ. ಮನೆಯಲ್ಲಿ ಮೂವರು ದುಡಿದರೆ 3600 ರೂಪಾಯಿ. ಎರಡು ಕಿಲೋ ತಾನೇ ಎಂದು ಬಿಟ್ಟರೆ ಮಕ್ಕಳ ಹಬ್ಬದ ಬಟ್ಟೆ, ಮನೆಯ ಬೆಲ್ಲ ಬೇಳೆ ಎಲ್ಲ ಅಲ್ಲೇ ಉಳಿಯುತ್ತದೆ.

ಅದಕ್ಕೇ ಸುಗ್ಗಿಗೆ ಹೋಗುವಾಗ ಬುತ್ತಿಯ ಜೊತೆ ಇವನ್ನೂ ಕಟ್ಟಿಕೊಳ್ಳಿ:

ಒಂದು ಸಣ್ಣ ನೋಟುಪುಸ್ತಕ, ಒಂದು ಪೆನ್ನು. ದಿನಾ ಸಂಜೆ ತಾರೀಖು, ಕಿಲೋ, ಸಿಕ್ಕ ಹಣ ಬರೆಯಿರಿ. ತೂಕ ಮಾಡುವಾಗ ಪಕ್ಕದಲ್ಲೇ ನಿಂತು ಮುಳ್ಳು ಅಥವಾ ಅಂಕಿ ನೋಡಿ.

ಹೋಗುವ ಮೊದಲೇ ಕೇಳಿ: ಕಿಲೋಗೆ ಎಷ್ಟು? ಹೋಗಿ ಬರುವ ಖರ್ಚು ಯಾರದು? ಹಣ ವಾರಕ್ಕೆ ಕೊಡುತ್ತೀರೋ, ಕೊನೆಗೆ ಕೊಡುತ್ತೀರೋ? ಉತ್ತರ ಬರೆದುಕೊಳ್ಳಿ.

ಮುಂಗಡ ತೆಗೆದುಕೊಂಡರೆ ಎಷ್ಟು, ಯಾವತ್ತು ಎಂದು ಬರೆಯಿರಿ. ತೀರಿಸಿದ್ದನ್ನೂ ಬರೆಯಿರಿ. ಮುಂಗಡದ ಸಾಲ ತೋರಿಸಿ ಯಾರನ್ನೂ ಬಲವಂತವಾಗಿ ದುಡಿಸಿಕೊಳ್ಳುವ ಹಾಗಿಲ್ಲ. ಅದು ಜೀತ. 1976ರ ಕಾನೂನು ಜೀತವನ್ನು ರದ್ದು ಮಾಡಿದೆ.

ಇನ್ನೊಂದು ಮಾತು. ಸುಗ್ಗಿಗೆ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋದರೆ ಅವರ ಶಾಲೆ ಅಲ್ಲಿಗೇ ನಿಂತಂತೆ. ಅಜ್ಜ ಅಜ್ಜಿಯ ಹತ್ತಿರ ಬಿಡಲು ಆಗುತ್ತದೆಯೇ ನೋಡಿ. ವಲಸೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲೆಂದು ನಮ್ಮ ಕಡೆ ಸೀಸನಲ್ ಹಾಸ್ಟೆಲ್‌ಗಳನ್ನು ನಡೆಸಿದ್ದುಂಟು. ನಿಮ್ಮ ಊರಿಗೆ ಅಂಥ ಅನುಕೂಲ ಇದೆಯೇ ಎಂದು ಶಾಲೆಯ ಹೆಡ್‌ಮಾಸ್ತರರನ್ನು ಹೊರಡುವ ಮೊದಲೇ ಕೇಳಿ. ಬಿತ್ತುವ ಕಾಲದಲ್ಲಿ ಬಿತ್ತದ ಹೊಲ ಸುಗ್ಗಿಯಲ್ಲಿ ಏನು ಕೊಟ್ಟೀತು? ಮಕ್ಕಳ ಓದೂ ಹಾಗೆಯೇ.

ಕೊನೆಯ ಮಾತು

ಎತ್ತಿಗೆ ಕನುಮ ಇದೆ. ಭೂಮಿತಾಯಿಗೆ ಚರಗ ಇದೆ. ಹಾಗೆಯೇ ದುಡಿದ ಮನುಷ್ಯರಿಗೆ ಸರಿಯಾದ ಪಾಲು ಸಿಕ್ಕಾಗಲೇ ಸಂಕ್ರಾಂತಿ ಪೂರ್ತಿ ಆಗುವುದು. ಈ ಸಲ ಹಬ್ಬ ಊರಲ್ಲಿ ಮಾಡಿದರೂ ಸರಿ, ದೂರದ ಹೊಲದಲ್ಲಿ ಮಾಡಿದರೂ ಸರಿ. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಳ್ಳಿ. ಆಮೇಲೆ ನೋಟುಪುಸ್ತಕ ತೆಗೆಯಿರಿ. ಮೊದಲ ಸಾಲಿನಲ್ಲಿ ಹಿರಿಯರ ಹಾಗೆ 'ಲಾಭ' ಎಂದು ಬರೆಯಿರಿ. ಎರಡನೆಯ ಸಾಲಿನಿಂದ ನಿಮ್ಮ ದುಡಿಮೆಯ ಲೆಕ್ಕ ಬರೆಯಿರಿ.

ಓದಿ, ಮಾತಾಡಿ, ಬರೆಯಿರಿ

1. ಸಂಕ್ರಾಂತಿ ಪ್ರತಿ ವರ್ಷ ಹೆಚ್ಚು ಕಡಿಮೆ ಒಂದೇ ತಾರೀಖಿಗೆ ಯಾಕೆ ಬರುತ್ತದೆ?
2. 'ಆಯ' ಎಂದರೇನು? ನಿಮ್ಮ ಊರಿನ ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆಯಿರಿ.
3. ಒಬ್ಬ ಅಣ್ಣ ಮೂರು ದಿನದಲ್ಲಿ 50, 58, 47 ಕಿಲೋ ಹತ್ತಿ ಬಿಡಿಸಿದನು. ಕಿಲೋಗೆ 10 ರೂಪಾಯಿ. ಅವನಿಗೆ ಬರಬೇಕಾದ ಕೂಲಿ ಎಷ್ಟು?
4. ನಿಮ್ಮ ಮನೆಯಲ್ಲಿ ಭೋಗಿಯ ದಿನ ಏನೇನು ಅಡುಗೆ ಮಾಡುತ್ತೀರಿ? ಪಟ್ಟಿ ಮಾಡಿ.